‘ನಮ್ಮಂಥವರಿಗೆ ಲಿನಕ್ಸ್ ಆಗುತ್ತಾ?’ ಅನ್ನುವವರಿಗೆ

ಆಗುತ್ತೆ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಬ್ರೌಸರ್, ಮೇಲ್, ಯೂಟ್ಯೂಬ್, ಬ್ಯಾಂಕು, ಕರೆಂಟ್ ಬಿಲ್, ಸೇವಾ ಸಿಂಧು ಅರ್ಜಿ, ಮಕ್ಕಳ ಆನ್‌ಲೈನ್ ಕ್ಲಾಸು, ಆಗಾಗ ಒಂದು ಪತ್ರ. ನಿಮ್ಮ ಮನೆಯ ಕಂಪ್ಯೂಟರ್ ಮಾಡುವುದು ಇಷ್ಟೇ ಆದರೆ ಅದರದೇ ಒಂದು ಸುಲಭ ರೂಪವಾದ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ.

ಉತ್ತರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಈ ಪ್ರಶ್ನೆ ಪ್ರತಿ ಸಲವೂ ‘ನಮಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ’ ಅಂತಲೇ ಶುರುವಾಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ. ಯಾಕೆ ನಿಮ್ಮನ್ನು ನೀವೇ ಕೀಳು ಮಾಡಿಕೊಳ್ಳುತ್ತೀರಿ? ಕಂಪ್ಯೂಟರ್ ಬರದವರಿಗೇ ಲಿನಕ್ಸ್ ಸುಲಭ. ಫೈರ್‌ಫಾಕ್ಸ್ ಎಲ್ಲಿದೆ ಅಂತ ಗೊತ್ತಾದರೆ ನಿವೃತ್ತ ಮೇಷ್ಟ್ರಿಗೆ ಬೇರೇನೂ ಹೇಳಿಕೊಡಬೇಕಾಗಿಲ್ಲ. ಒದ್ದಾಡುವವರು ಚೆನ್ನಾಗಿ ಬರುವವರು: ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವವರು, ವ್ಯಾಲೊರಂಟ್ ಆಡುವ ಹುಡುಗರು. ಇವು ಲಿನಕ್ಸ್‌ಗೆ ಸಿಗುವುದಿಲ್ಲ. ‘ವೈನ್ ಹಾಕಿದರೆ ಓಡುತ್ತೆ’ (ವೈನ್ ಅಂದರೆ ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಅನ್ನುವವರ ಮಾತು ಕೇಳಿ ಅಂಗಡಿಯ ಲೆಕ್ಕವನ್ನು ಅದರ ಮೇಲೆ ಬಿಡಬೇಡಿ. ವ್ಯಾಲೊರಂಟ್ ಅಂತೂ ಮೋಸದಾಟ ತಡೆಯುವ ಅದರ ಕಾವಲು ತಂತ್ರಾಂಶದಿಂದಾಗಿ ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ. ಆ ಕಂಪ್ಯೂಟರುಗಳಲ್ಲಿ ವಿಂಡೋಸ್ ಇರಲಿ.

ಈಗ ಈ ಪ್ರಶ್ನೆ ಜಾಸ್ತಿಯಾಗಿರುವುದಕ್ಕೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವುದು ಇಂಟೆಲ್ ಎಂಟನೇ ತಲೆಮಾರು ಅಥವಾ ಅದರ ಮೇಲಿನದು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್. ಹಾಗಾಗಿ ಏನೂ ಕೆಡದ, ಕೀಲಿಮಣೆ ಗಟ್ಟಿಯಾಗಿರುವ 2016ರ ಲ್ಯಾಪ್‌ಟಾಪನ್ನು ಜನ ಗುಜರಿಗೆ ಹಾಕುತ್ತಿದ್ದಾರೆ. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ, ಕಾಸಿಲ್ಲದೆ. ಆದರೆ 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರ ಲಿನಕ್ಸ್ ಹಾಕಿದ ಮಾತ್ರಕ್ಕೆ ಓಡುವುದಿಲ್ಲ. ನಿಧಾನ ಮಾಡುವುದು ಆ ಡಿಸ್ಕು. ಮೊದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8ಕ್ಕೆ ಏರಿಸಿ.

ನಿಮಗೆ ಬರುತ್ತದೋ ಇಲ್ಲವೋ ಅನ್ನುವುದನ್ನು ಬಿಡಿ. ನೀವು ಕೇಳಬೇಕಾದದ್ದು ‘ನಮ್ಮನೆ ಪ್ರಿಂಟರ್ ಇದು, ನಾವು ಕನ್ನಡ ಹೀಗೆ ಟೈಪ್ ಮಾಡ್ತೀವಿ, ಏನು ಕೈಕೊಡುತ್ತೆ?’ ಅಂತ. ಇದನ್ನು ಯಾರೂ ಕೇಳುವುದಿಲ್ಲ.

ಪ್ರಿಂಟರ್. ವೈಫೈ ಇರುವ ಹೊಸ ಪ್ರಿಂಟರುಗಳಲ್ಲಿ ಹೆಚ್ಚಿನವು ಡ್ರೈವರ್ ಇಲ್ಲದೆಯೇ ತಾವಾಗಿ ಕಾಣಿಸಿಕೊಳ್ಳುತ್ತವೆ. ಎಚ್‌ಪಿ ಲೇಸರ್‌ಜೆಟ್ 1020 ಹಾಗಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಅದಕ್ಕೆ ಫರ್ಮ್‌ವೇರ್ (ಪ್ರಿಂಟರನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಹೋಗಬೇಕು, ಅದಕ್ಕಾಗಿ ಎಚ್‌ಪಿಯ ಪ್ಲಗಿನ್ ಇಳಿಸಿಕೊಳ್ಳಬೇಕು. ಹಾಕದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಇರುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಇದಕ್ಕಿಂತ ಹಟಮಾರಿ. ಅದರ ಭಾಷೆ ಕ್ಯಾನನ್ ಕಂಪನಿಯದೇ, ಡ್ರೈವರ್ ಹಳೆಯದು. ನಿಮ್ಮಲ್ಲಿ ಅದೇ ಇದ್ದು ದಿನಾ ಪ್ರಿಂಟ್ ಬೇಕಿದ್ದರೆ, ಪ್ರಿಂಟರ್ ಬದಲಾಗುವವರೆಗೆ ಲಿನಕ್ಸ್ ಕಡೆ ಬರಬೇಡಿ.

ಕನ್ನಡ ನನಗೆ ಎಲ್ಲಕ್ಕಿಂತ ಮುಖ್ಯ. ನುಡಿ ತಂತ್ರಾಂಶದ ಕೀಲಿಮಣೆಗೆ ಕೈ ಪಳಗಿದವರು ಅದನ್ನು ಬಿಡಬೇಕಾಗಿಲ್ಲ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್-ಎಂ17ಎನ್ (ibus-m17n) ಹುಡುಕಿ ಹಾಕಿ. ಇನ್‌ಪುಟ್ ಮೆಥಡ್ ಸೆಟ್ಟಿಂಗಿನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಈ ಲಾಗ್‌ಔಟ್ ಬಿಟ್ಟರೆ ಕನ್ನಡ ಬರುವುದಿಲ್ಲ. ‘ಲಿನಕ್ಸ್‌ನಲ್ಲಿ ಕನ್ನಡ ಇಲ್ಲ’ ಅನ್ನುವವರಲ್ಲಿ ತುಂಬ ಜನ ಎಡವಿರುವುದು ಇಲ್ಲೇ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಅದು ನುಡಿಯಲ್ಲಿರುವ, ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ. ಇಂಗ್ಲಿಷಿನಲ್ಲಿ ಉಚ್ಚಾರದಂತೆ ಬರೆಯುವವರಿಗೆ ಐಟ್ರಾನ್ಸ್ ಅಲ್ಲೇ ಇದೆ.

ಹಳೆಯ ನುಡಿ ಕಡತಗಳ ಸಮಸ್ಯೆ ಬೇರೆ. ಅವು ಯೂನಿಕೋಡ್ ಅಲ್ಲ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಫಾಂಟ್ ಹೊದಿಸಿರುತ್ತಾರೆ. ಅದೇ ಫಾಂಟ್ ಹಾಕಿದರೆ ಲಿಬ್ರೆ ಆಫೀಸಿನಲ್ಲಿ ಓದಬಹುದು, ತಿದ್ದುವುದು ಕಷ್ಟ. ವಿಂಡೋಸ್ ತೆಗೆಯುವ ಮೊದಲೇ ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿಕೊಳ್ಳಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ ಸರಿಪಡಿಸಿ. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಮಾಡಿದ ಪುಟ ಲಿನಕ್ಸ್‌ನ ಗುಬ್ಬಿ, ನವಿಲು ಅಥವಾ ನೋಟೋ ಫಾಂಟಿಗೆ ಬಂದಾಗ ಸಾಲುಗಳು ಆಚೀಚೆ ಆಗುತ್ತವೆ. ಬೇರೆಯವರಿಗೆ ಕಳಿಸುವುದನ್ನು ಪಿಡಿಎಫ್ ಮಾಡಿಯೇ ಕಳಿಸಿ.

ಹಾಕುವ ಮೊದಲು ಪರೀಕ್ಷಿಸಿ. 8 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿ, ವಿಂಡೋಸ್‌ನಲ್ಲಿ ರೂಫಸ್ ಅನ್ನುವ ತಂತ್ರಾಂಶದಿಂದ ಅದಕ್ಕೆ ಮಿಂಟ್ ಬರೆದುಕೊಳ್ಳಿ. ಡೆಲ್ ಅಥವಾ ಲೆನೊವೊ ಆದರೆ ಶುರುವಾಗುವಾಗ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ. ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸದ್ದು, ಕ್ಯಾಮೆರಾ, ಪ್ರಿಂಟರ್ ನೋಡಿ. ಮುಚ್ಚಳ ಮುಚ್ಚಿ ತೆಗೆದಾಗ ಎದ್ದೇಳುತ್ತದಾ ಅನ್ನುವುದನ್ನೂ ನೋಡಿ. ವೈಫೈ ಬರದಿದ್ದರೆ ಹೆದರಬೇಡಿ, ಬ್ರಾಡ್‌ಕಾಮ್ ಚಿಪ್ ಇರಬಹುದು. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆಥರಿಂಗ್ (ಫೋನಿನ ಇಂಟರ್ನೆಟ್ ಕಂಪ್ಯೂಟರಿಗೆ ಕೊಡುವುದು) ಹಚ್ಚಿ, ಡ್ರೈವರ್ ಮ್ಯಾನೇಜರ್ ಆ ಚಿಪ್ಪಿನ ಡ್ರೈವರನ್ನು ಇಳಿಸಿಕೊಳ್ಳಲಿ.

ಇನ್ನು ನನ್ನ ನಿದ್ದೆ ಕೆಡಿಸುವ ವಿಷಯ. ‘ಎರೇಸ್ ಡಿಸ್ಕ್’ ಅನ್ನುವ ಆಯ್ಕೆ ಇಡೀ ಡಿಸ್ಕನ್ನು ಅಳಿಸುತ್ತದೆ. ನಮ್ಮ ಕಡೆ ಫೋಟೊ, ಮದುವೆ ವಿಡಿಯೊ ಎಲ್ಲ ಡಿ ಡ್ರೈವಿನಲ್ಲಿ ಇಡುವ ಅಭ್ಯಾಸ, ‘ಫಾರ್ಮ್ಯಾಟ್ ಆದರೂ ಡಿ ಉಳಿಯುತ್ತೆ’ ಅನ್ನುವ ನಂಬಿಕೆ. ಅಂಗಡಿಯವರು ಸಿ ಮಾತ್ರ ಅಳಿಸುತ್ತಿದ್ದರು, ಅದಕ್ಕೇ ಉಳಿಯುತ್ತಿತ್ತು. ಸಿ, ಡಿ ಎರಡೂ ಒಂದೇ ಡಿಸ್ಕಿನ ಭಾಗಗಳು. ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಬಿಚ್ಚಿ ಪಕ್ಕಕ್ಕಿಟ್ಟ ಮೇಲೆಯೇ ಗುಂಡಿ ಒತ್ತಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಡಿಸ್ಕಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ, ವಿಂಡೋಸ್ ಪೂರ್ತಿ ಮುಚ್ಚದಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಯಂತ್ರ ಕೆಟ್ಟಿಲ್ಲ: ಲಿನಕ್ಸ್ ಒಳಗಿನ ಗಡಿಯಾರವನ್ನು ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿಯ ಸಮಯ ಅಂದುಕೊಳ್ಳುತ್ತದೆ.

ಕೊನೆಗೆ, ಆಮೇಲೆ ನೋಡಿಕೊಳ್ಳುವವರು ಯಾರು? ರಿಪೇರಿ ಅಂಗಡಿಗೆ ಕೊಟ್ಟರೆ ಅವರು ಕಳ್ಳ ವಿಂಡೋಸ್ ಹಾಕಿ ಕೊಟ್ಟುಬಿಡಬಹುದು. ಹಾಗಾಗಿ ಮೊದಲ ದಿನವೇ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ವ್ಯವಸ್ಥೆಯ ನಕಲು) ಉಳಿಯುವಂತೆ ಮಾಡಿ, ಅಪ್‌ಡೇಟ್ ಮ್ಯಾನೇಜರಿನಲ್ಲಿ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಹಾಕಿ. ಅಪ್‌ಡೇಟಿನಿಂದ ಏನಾದರೂ ಕೆಟ್ಟರೆ ಹಿಂದಿನ ವಾರದ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಒತ್ತಿ. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು ಮಾತ್ರ, ನಿಮ್ಮ ಫೋಟೊಗಳನ್ನಲ್ಲ. ಅವುಗಳ ನಕಲು ಆ ಹೊರಗಿನ ಡಿಸ್ಕಿನಲ್ಲೇ ಇರಲಿ.