ಹೊಡೆದಿದ್ದು ಮಾತ್ರ ಬರೆಯೋಣ

ಸೋಮವಾರ ನಮ್ಮ ಬೀದಿಯ ಹುಡುಗಿಯೊಬ್ಬಳ ಜೊತೆ ಕೋಲಾರದ ಕೋರ್ಟ್ ಹತ್ತಿರ ವಕೀಲರೊಬ್ಬರ ಆಫೀಸಿಗೆ ಹೋಗಿದ್ದೆ. ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ಏಟು, ಬೈಗುಳ, ಕಿತ್ತುಕೊಂಡ ಸಂಬಳ, ಎಲ್ಲ ಹೇಳಿದಳು. ವಕೀಲರು ಬರೆದುಕೊಂಡರು. ಆಮೇಲೆ ಅವಳು, "ರಾತ್ರಿ ಬೇಡ ಅಂದ್ರೂ ಬಿಡ್ತಿರಲಿಲ್ಲ ಸರ್. ಜ್ವರ ಬಂದಿದ್ರೂ ಬಿಡ್ತಿರಲಿಲ್ಲ" ಅಂದಳು.

ವಕೀಲರು ಪೆನ್ನು ಕೆಳಗಿಟ್ಟರು. "ಅದು ಬೇಡಮ್ಮ. ಗಂಡ ಅಲ್ವಾ? ಹೊಡೆದಿದ್ದು ಮಾತ್ರ ಬರೆಯೋಣ."

ಮನುಷ್ಯ ಕೆಟ್ಟವರಲ್ಲ. ಫೀಸು ಕಮ್ಮಿ ಮಾಡಿದ್ದರು, ಕಾಫಿನೂ ತರಿಸಿದರು. ಅದಕ್ಕೇ ನನಗೆ ಸಿಟ್ಟು ಜಾಸ್ತಿ ಆಯ್ತು. ವಾರವಿಡೀ ಕಿವಿಯಲ್ಲಿ ಅದೇ ಮಾತು. ಗಂಡ ಅಲ್ವಾ?

ಕಾನೂನೂ ಅದನ್ನೇ ಹೇಳುತ್ತೆ. ಅತ್ಯಾಚಾರದ ಸೆಕ್ಷನ್‌ನಲ್ಲಿ ಗಂಡನಿಗೆ ವಿನಾಯಿತಿ ಇದೆ. ದೆಹಲಿಯ ನಿರ್ಭಯಾ ಪ್ರಕರಣದ ನಂತರ ಕಾನೂನು ತಿದ್ದುಪಡಿಗೆ ಸಲಹೆ ಕೊಡಲು ನೇಮಿಸಿದ್ದ ವರ್ಮಾ ಸಮಿತಿ 2013ರಲ್ಲೇ ಈ ವಿನಾಯಿತಿ ತೆಗೆದುಹಾಕಿ ಅಂದಿತ್ತು. 2022ರಲ್ಲಿ ನಮ್ಮ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಕೇಸು ನಡೆಯಲಿ ಅಂತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಜುಲೈನಲ್ಲಿ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ವಿನಾಯಿತಿ ಮಾತ್ರ 63ನೇ ಸೆಕ್ಷನ್‌ನಲ್ಲಿ ಬಂದು ಕೂತಿದೆ. ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲವಂತ ಅತ್ಯಾಚಾರ ಅಲ್ಲ. ಇನ್ನೂ ವಿಚಿತ್ರ ಅಂದ್ರೆ, ಬೇರೆ ವಾಸ ಮಾಡ್ತಿರೋ ಹೆಂಡತಿಯ ಮೇಲೆ ಬಲವಂತ ಮಾಡಿದರೆ 2ರಿಂದ 7 ವರ್ಷ ಜೈಲು. ಅಂದರೆ ಇವಳು ತವರಿಗೆ ಬಂದ ಮೇಲೆ ಅವನು ಹಾಗೆ ಮಾಡಿದ್ದರೆ ಅಪರಾಧ. ಒಂದೇ ಸೂರಿನ ಕೆಳಗೆ ಮಾಡಿದ್ದು ಸಂಸಾರ!

ಅತ್ಯಾಚಾರ ಅಂತ ಕರೆದರೆ ಮದುವೆ ಅನ್ನೋ ವ್ಯವಸ್ಥೆಗೇ ಪೆಟ್ಟು ಅನ್ನೋದು ಕೇಂದ್ರ ಸರ್ಕಾರದ ವಾದ. ಸುಳ್ಳು ಕೇಸು ಹಾಕ್ತಾರೆ ಅಂತ ನಮ್ಮ ಮನೇಲೂ ಹೇಳ್ತಾರೆ. ಸುಳ್ಳು ಕೇಸು ಕಳ್ಳತನದ್ದೂ ಇರುತ್ತೆ. ಅದಕ್ಕೆ ಕಳ್ಳತನವನ್ನು ಅಪರಾಧದ ಪಟ್ಟಿಯಿಂದ ತೆಗೀತೀವಾ? ಇವಳ ಸಂಸಾರ ಮುರಿದದ್ದಂತೂ ಯಾವ ಸೆಕ್ಷನ್‌ನಿಂದಲೂ ಅಲ್ಲ.

ವಕೀಲರಿಗೆ ನೆನಪಿಸಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ ಅಲ್ವಾ ಸರ್? ಅತ್ಯಾಚಾರದ ಶಿಕ್ಷೆ ಸಿಗದಿರಬಹುದು, ರಕ್ಷಣೆಯ ಆದೇಶ ಕೇಳಬಹುದಲ್ಲ?

"ಇದೆ. ಆದರೆ ಜಡ್ಜ್ ಮುಂದೆ ಇದೆಲ್ಲ ಮುಜುಗರ ಅಲ್ವೇನಮ್ಮ?"

ಅವಳು ನಮ್ಮಿಬ್ಬರ ಮುಂದೆ ಆಗಲೇ ಹೇಳಿಯಾಗಿತ್ತು. ಮುಜುಗರ ಆಗ್ತಿದ್ದದ್ದು ಅವರಿಗೆ.

ಕೊನೆಗೆ ಅರ್ಜಿಯಲ್ಲಿ ಎರಡು ಸಾಲು ಸೇರಿಸಿದರು. ಓದಿ ಹೇಳಿ ಅಂದಳು. ಏಟಿನ ವಿಷಯ ನಿಧಾನವಾಗಿ ಓದಿದವರು ಆ ಎರಡು ಸಾಲು ಬಂದಾಗ ಗಡಿಬಿಡಿಯಲ್ಲಿ ದಾಟಿಬಿಟ್ಟರು.

"ಅದನ್ನ ಇನ್ನೊಂದ್ಸಲ ಓದಿ ಸರ್" ಅಂದಳು.