ತೇಲುವ ಮಂಜುಗಡ್ಡೆಯ ಮೇಲೆ 274 ದಿನ

ಉತ್ತರ ಧ್ರುವದಲ್ಲಿ ನೆಲವಿಲ್ಲ. ಅಲ್ಲಿರುವುದು ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಆಳದ ಸಮುದ್ರ, ಅದರ ಮೇಲೆ ಕೆಲವೇ ಮೀಟರ್ ದಪ್ಪದ, ಎಂದೂ ನಿಂತಲ್ಲಿ ನಿಲ್ಲದ ಮಂಜುಗಡ್ಡೆಯ ಹಾಸು. ಆ ಹಾಸಿನ ಮೇಲೆಯೇ ಬಿಡಾರ ಹೂಡಿ, ಅದು ಒಯ್ದತ್ತ ಸಾಗುತ್ತ ಸಮುದ್ರವನ್ನೂ ಗಾಳಿಯನ್ನೂ ಅಳೆದ ಮೊದಲ ಸಂಶೋಧನಾ ಕೇಂದ್ರ ಸೋವಿಯತ್ ಒಕ್ಕೂಟದ ‘ಉತ್ತರ ಧ್ರುವ-1’. ಧ್ರುವಯಾತ್ರೆಗಳ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಮರಳುವುದು ಆ ಕೇಂದ್ರದ ನಾಲ್ವರ ಕಡೆಗೆ. ಅವರು ಧ್ರುವವನ್ನು ಮುಟ್ಟಿ ಬರಲು ಹೋದವರಲ್ಲ, ಅಲ್ಲಿದ್ದು ಲೆಕ್ಕ ಬರೆಯಲು ಹೋದವರು.

ಹಿಮದೊಡನೆ ತೇಲುವ ಯೋಚನೆ ಅದಕ್ಕೂ ಹಳೆಯದು. ನಾರ್ವೆಯ ಧ್ರುವಾನ್ವೇಷಕ ನಾನ್ಸೆನ್ 1893ರಲ್ಲಿ ‘ಫ್ರಾಮ್’ ಹಡಗನ್ನು ಬೇಕೆಂದೇ ಹಿಮದಲ್ಲಿ ಸಿಲುಕಿಸಿದ್ದರು. ಹಡಗಿನ ಆಸರೆಯೂ ಇಲ್ಲದೆ ಬರಿಯ ಗಡ್ಡೆಯನ್ನೇ ನಂಬಿದ್ದು 1937ರ ಮೇ 21ರಂದು, ಓಟ್ಟೊ ಶ್ಮಿಟ್ ಅವರ ಮುಂದಾಳುತನದ ವಿಮಾನ ಧ್ರುವದ ಸಮೀಪ ಇಳಿದಾಗ. ನಾಯಕ ಇವಾನ್ ಪಾಪಾನಿನ್, ರೇಡಿಯೋ ನೋಡಿಕೊಳ್ಳುತ್ತಿದ್ದ ಅರ್ನ್ಸ್ಟ್ ಕ್ರೆಂಕೆಲ್, ಸಮುದ್ರವಿಜ್ಞಾನಿ ಪ್ಯೋತ್ರ್ ಶಿರ್ಶೋವ್, ಹವೆ ಮತ್ತು ಭೂಕಾಂತತೆಯನ್ನು ಅಳೆಯುತ್ತಿದ್ದ ಯೆವ್ಗೆನಿ ಫ್ಯೋದೊರೋವ್ ಅಲ್ಲಿ ಉಳಿದರು. ಜೊತೆಗೆ ವೆಸ್ಯೋಲಿ ಎಂಬ ನಾಯಿ.

ಅವರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಳ ನೋಡುವ ಕೆಲಸ. ಹಿಮದಲ್ಲಿ ರಂಧ್ರ ಕೊರೆದು ತಂತಿ ಇಳಿಬಿಟ್ಟು, ಮತ್ತೆ ಅದನ್ನು ಕೈರಾಟೆಯಿಂದ ಗಂಟೆಗಟ್ಟಲೆ ಸುತ್ತಿ ಮೇಲೆತ್ತಬೇಕಿತ್ತು. ಧ್ರುವದ ಬಳಿ ಅವರಿಗೆ ಸಿಕ್ಕ ಆಳ 4,290 ಮೀಟರ್. ಮೇಲಿನ ತಣ್ಣೀರಿನ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ನೀರಿನ ಪದರವಿರುವುದನ್ನು ನಾನ್ಸೆನ್ ಕಂಡಿದ್ದರು. ಅದು ಧ್ರುವದವರೆಗೂ ಹಬ್ಬಿದೆಯೆಂಬುದು ಈ ತಂತಿಯಿಂದ ತಿಳಿಯಿತು. ಗಾಳಿಯಂತ್ರದಿಂದ ಬಂದ ವಿದ್ಯುತ್ತಿನಲ್ಲಿ ಕ್ರೆಂಕೆಲ್ ಹವಾಮಾನದ ವರದಿಗಳನ್ನು ಕಳಿಸುತ್ತಿದ್ದರು.

ಗಡ್ಡೆಯಾದರೋ ದಕ್ಷಿಣಕ್ಕೆ, ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯತ್ತ, ಸಾಗುತ್ತಲೇ ಇತ್ತು. ಮೊದಲಿಗೆ ಕಿಲೋಮೀಟರುಗಟ್ಟಲೆ ಹರಡಿದ್ದ ಅದು 1938ರ ಫೆಬ್ರವರಿ ಮೊದಲಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದಾಗ, ನಾಲ್ವರ ಪಾಲಿಗೆ ಉಳಿದದ್ದು ಕೆಲವು ನೂರು ಮೀಟರಿನ ಚೂರು ಮಾತ್ರ. ಅವರ ರಕ್ಷಣೆಗೆ ಹೊರಡಲಿದ್ದ ವಾಯುನೌಕೆ ‘ವಿ-6’ ಫೆಬ್ರವರಿ 6ರಂದು ರಷ್ಯದ ವಾಯವ್ಯದಲ್ಲಿರುವ ಕಾಂದಲಕ್ಷ ಊರಿನ ಬಳಿ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 19 ಜನರಲ್ಲಿ 13 ಜನ ತೀರಿಕೊಂಡರು. ಈ ಕಥೆಯನ್ನು ಹೇಳುವಾಗ ಆ ಹದಿಮೂರು ಜನರನ್ನು ಬಿಟ್ಟುಬಿಡುವುದು ನನಗೆ ಸರಿಯೆನಿಸುವುದಿಲ್ಲ. ಫೆಬ್ರವರಿ 19ರಂದು ‘ತೈಮಿರ್’ ಮತ್ತು ‘ಮುರ್ಮಾನ್’ ಹಡಗುಗಳು ನಾಲ್ವರನ್ನೂ ಸುರಕ್ಷಿತವಾಗಿ ಹತ್ತಿಸಿಕೊಂಡವು.

ಮಹಾಯುದ್ಧ ಮುಗಿದ ಮೇಲೆ, 1950ರಲ್ಲಿ, ಮಿಖಾಯಿಲ್ ಸೋಮೋವ್ ನೇತೃತ್ವದಲ್ಲಿ ಎರಡನೆಯ ಕೇಂದ್ರ ಗುಟ್ಟಾಗಿ ತೆರೆಯಿತು. ಅಲ್ಲಿಂದ ಸಾಲು ಬೆಳೆದು, 1973ರಲ್ಲಿ ಆರಂಭವಾದ ‘ಉತ್ತರ ಧ್ರುವ-22’ ಸುಮಾರು ಒಂಬತ್ತು ವರ್ಷ ತೇಲಿತು. 1991ರಲ್ಲಿ ನಿಂತ ಕೆಲಸವನ್ನು 2003ರಲ್ಲಿ ಮತ್ತೆ ಕೈಗೆತ್ತಿಕೊಂಡರೂ ಗಡ್ಡೆಗಳು ಮೊದಲಿನಂತೆ ದಪ್ಪವಾಗಿರಲಿಲ್ಲ. 2013ರಲ್ಲಿ ನಲವತ್ತನೆಯ ಕೇಂದ್ರವನ್ನು, ಕಾಲಡಿಯ ಹಿಮ ಒಡೆಯತೊಡಗಿದ್ದರಿಂದ, ಅವಸರದಲ್ಲಿ ತೆರವು ಮಾಡಬೇಕಾಯಿತು. 2022ರಲ್ಲಿ ಹೊರಟ ನಲವತ್ತೊಂದನೆಯ ಕೇಂದ್ರದ ವಿಜ್ಞಾನಿಗಳಿಗೆ ಮನೆಯಾದದ್ದು ಹಿಮದೊಡನೆ ತೇಲಲೆಂದೇ ಕಟ್ಟಿದ ಉಕ್ಕಿನ ಹಡಗು.