ಡಿಸ್ಕ್ ಟಿಕ್ ಟಿಕ್ ಅಂದರೆ ಚೆಕ್‌ಡಿಸ್ಕ್ ಒತ್ತಬೇಡಿ

ಹಾರ್ಡ್ ಡಿಸ್ಕ್ ಕೈಕೊಡುವ ಸೂಚನೆ ಸಿಕ್ಕ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸವೇ ಉಳಿದ ಫೈಲ್‌ಗಳಿಗೆ ಕುತ್ತು ತರುತ್ತದೆ. 'ಡ್ರೈವ್‌ನಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ?' ಅಂತ ವಿಂಡೋಸ್ ಕೇಳುತ್ತದೆ, ಇವರು ಹೂಂ ಅಂತ ಒತ್ತುತ್ತಾರೆ. ಹಿಂದೆ ಓಡುವುದು ಚೆಕ್‌ಡಿಸ್ಕ್ ಅನ್ನುವ ವಿಂಡೋಸ್‌ನದೇ ರಿಪೇರಿ ಸಾಧನ. ಅದಕ್ಕೆ ಬೇಕಿರುವುದು ಫೈಲ್ ಸಿಸ್ಟಮ್‌ನ, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ದಾಖಲೆಯ ಲೆಕ್ಕ ಸರಿಹೋಗುವುದು, ನಿಮ್ಮ ಮದುವೆ ಫೋಟೋ ಉಳಿಯುವುದಲ್ಲ. ಓದಲಾಗದ ನಮೂದುಗಳನ್ನು ಕತ್ತರಿಸಿ, ತುಂಡುಗಳನ್ನು 'ಫೌಂಡ್' ಅನ್ನುವ ಫೋಲ್ಡರಿಗೆ ಸುರಿದು, ಅದೇ ಹಾಳಾಗುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತಾ ಹೋಗುತ್ತದೆ. ಜೊತೆಗೆ ಆರ್ ಆಯ್ಕೆ ಕೊಟ್ಟರಂತೂ ಇಡೀ ಡಿಸ್ಕನ್ನು ಮೂಲೆ ಮೂಲೆಯೂ ಓದಿಸುತ್ತದೆ. ಉಸಿರು ಕಟ್ಟಿದವನನ್ನು ಬೆಟ್ಟ ಹತ್ತಿಸಿದ ಹಾಗೆ. ಮೊದಲು ನಕಲು, ಪರೀಕ್ಷೆ ರಿಪೇರಿ ಎಲ್ಲ ಆಮೇಲೆ.

ಹಾಗಾದರೆ ಡಿಸ್ಕಿಗೇ ರೋಗವೋ, ಬೇರೆ ಏನಾದರೂ ತಂಟೆಯೋ ಅಂತ ತಿಳಿಯುವುದು ಹೇಗೆ? ಕಂಪ್ಯೂಟರ್ ನಿಧಾನವಾಗಿದೆ ಅನ್ನುವುದೊಂದೇ ಸಾಲದು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಆ ಡಿಸ್ಕ್ ನೋಡಿ. ಬಳಕೆ 100% ಇದ್ದು ಓದುವ ವೇಗವೂ ಸೆಕೆಂಡಿಗೆ ಹತ್ತಾರು ಎಂಬಿ ಇದ್ದರೆ ಅದು ಬರೀ ಕೆಲಸದ ಹೊರೆ, ಅಪ್‌ಡೇಟೋ ಆಂಟಿವೈರಸ್ಸೋ ಇರಬಹುದು. ಬಳಕೆ 100%, ಆದರೆ ವೇಗ ಸೊನ್ನೆಯ ಆಸುಪಾಸು, ಸರಾಸರಿ ಪ್ರತಿಕ್ರಿಯೆ ಸಮಯ ಸಾವಿರಾರು ಮಿಲಿಸೆಕೆಂಡ್ ಅಂದರೆ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ. ಮೌಸ್ ಓಡಾಡುತ್ತದೆ, ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 'ಡಿಸ್ಕ್' ಹೆಸರಿನಲ್ಲಿ 7 ಅಥವಾ 153 ಸಂಖ್ಯೆಯ ಈವೆಂಟುಗಳು ಸಾಲಾಗಿ ಬಿದ್ದಿರುತ್ತವೆ. 7 ಅಂದರೆ ಕೆಟ್ಟ ಬ್ಲಾಕ್, 153 ಅಂದರೆ ಉತ್ತರ ಬಾರದೆ ವಿಂಡೋಸ್ ಮತ್ತೆ ಕೇಳಿದ ಲೆಕ್ಕ.

ನಂತರ ಸ್ಮಾರ್ಟ್ ಅಂಕಿಗಳು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿಕೊಳ್ಳಿ, ಉಚಿತ. ಅದು ರಾ ವ್ಯಾಲ್ಯೂಗಳನ್ನು (ಮೂಲ ಎಣಿಕೆಗಳನ್ನು) ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ತೋರಿಸುವುದರಿಂದ ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ಅದನ್ನು ದಶಮಾಂಶಕ್ಕೆ ಬದಲಿಸಿಕೊಳ್ಳಿ. ಇಪ್ಪತ್ತು ಚಿಲ್ಲರೆ ಸಾಲು ಕಾಣುತ್ತವೆ, ನೋಡಬೇಕಾದವು ನಾಲ್ಕೇ. 05 ಅಂದರೆ ಕೆಟ್ಟುಹೋಗಿ, ಮೀಸಲು ಜಾಗಕ್ಕೆ ವರ್ಗವಾದ ಸೆಕ್ಟರುಗಳು (ಡಿಸ್ಕ್ ಡೇಟಾ ಬರೆಯುವ ಪುಟ್ಟ ಪುಟ್ಟ ತುಣುಕುಗಳು). ಸಿ5 ಅಂದರೆ ಓದಲು ಆಗದೆ, ಇನ್ನೂ ತೀರ್ಮಾನವಾಗದೆ ಬಾಕಿ ನಿಂತವು. ಸಿ6, ತಿದ್ದಲಾಗದವು. ಸಿ7ರ ಕಥೆ ಬೇರೆ, ಕೆಳಗೆ ಹೇಳುತ್ತೇನೆ. ಸೀಗೇಟ್ ಡ್ರೈವ್‌ನಲ್ಲಿ 01ನೇ ಸಾಲಿನ ಕೋಟಿಗಟ್ಟಲೆ ಅಂಕಿ ನೋಡಿ ಗಾಬರಿಯಾಗುವವರು ಬಹಳ. ಅದರಲ್ಲಿ ಒಟ್ಟು ಓದಿನ ಎಣಿಕೆಯೂ ಸೇರಿರುತ್ತದೆ, ಬಿಟ್ಟುಬಿಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಸಾಲು ಸಿ5. ಅಲ್ಲಿ 8 ಅಂತ ಕಂಡರೆ ಎಂಟು ಕಡೆ ಕೆಟ್ಟಿದೆ ಅಂತಲೇ ಅಲ್ಲ. ಈಗಿನ ಡಿಸ್ಕುಗಳ ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ಹೇಳಿಕೊಳ್ಳುವುದು 512ರ ಲೆಕ್ಕ. ಹಾಗಾಗಿ ಒಂದು ಸೆಕ್ಟರ್ ಹೋದರೆ 8 ಏರುತ್ತದೆ. ಇವತ್ತು 8 ಇದ್ದದ್ದು ನಾಳೆಯೂ 8 ಇದ್ದರೆ ಕೈಯಲ್ಲಿ ಸ್ವಲ್ಪ ಸಮಯ ಇದೆ. ಬೆಳಿಗ್ಗೆ 8, ಸಂಜೆ 64 ಆದರೆ ಆ ಡಿಸ್ಕ್ ಹೊರಟಿದೆ. ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳನ್ನು ನೋಡಿ ಗೂಗಲ್ 2007ರಲ್ಲಿ ಹೊರತಂದ ಅಧ್ಯಯನದಲ್ಲಿ, ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಮೊದಲ ದೋಷ (ಸ್ಕ್ಯಾನ್ ದೋಷ) ಕಂಡ ಡ್ರೈವ್‌ಗಳು ಮುಂದಿನ 60 ದಿನದಲ್ಲಿ ಸಾಯುವ ಸಾಧ್ಯತೆ ದೋಷ ಇಲ್ಲದವಕ್ಕಿಂತ 39 ಪಟ್ಟು. ಅದೇ ಅಧ್ಯಯನದಲ್ಲಿ, ಸತ್ತ ಡ್ರೈವ್‌ಗಳ ಪೈಕಿ ಅರ್ಧಕ್ಕೂ ಹೆಚ್ಚಿನವು ಅಧ್ಯಯನವೇ ಮುಖ್ಯ ಅಂದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಂದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸುವ ನೀಲಿ ಬಣ್ಣದ 'ಗುಡ್' ನಂಬಿ ಬ್ಯಾಕಪ್ ಮುಂದೂಡುವ ಹಾಗಿಲ್ಲ.

ಸಿ7 ಅಂದರೆ ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಡೇಟಾ ಸಾಗುವಾಗ ಆದ ದೋಷಗಳ ಎಣಿಕೆ. ಅದು ಏರುತ್ತಿದ್ದರೆ ತಪ್ಪು ಬಹುಪಾಲು ಕೇಬಲ್‌ನದು. ಸಾಟಾ ಕೇಬಲ್ ಬದಲಿಸಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ. ಹಳೆಯ ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತಿತೇ ಅಂತಷ್ಟೇ ನೋಡಬೇಕು. ಪೋರ್ಟಬಲ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೂ ಮೊದಲು ಕೇಬಲ್ ಮತ್ತು ಪೋರ್ಟನ್ನೇ ಅನುಮಾನಿಸಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಆದರೆ 900. ತಿರುಗಲು ಶುರುಮಾಡುವ ಗಳಿಗೆಯಲ್ಲಿ ಡಿಸ್ಕಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ, ಗಿಡ್ಡ ಕೇಬಲ್‌ನಲ್ಲಿ ಹಾಕಿ ನೋಡಿ.

ಅಷ್ಟಾದರೂ ಟಿಕ್ ಟಿಕ್ ನಿಲ್ಲದಿದ್ದರೆ ಕೂಡಲೇ ಪವರ್ ತೆಗೆಯಿರಿ. ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲಿನ ದಾರಿಗುರುತು ಸಿಗದೆ, ಡೇಟಾ ಓದುವ ಹೆಡ್‌ನ ತೋಳು ವಾಪಸ್ ಹೋಗಿ ಮತ್ತೆ ಹುಡುಕುವ ಸದ್ದು ಅದು. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಹೆಡ್ ಹಾರುವುದು ಅದರಿಂದ ಕೆಲವೇ ನ್ಯಾನೊಮೀಟರ್ ಮೇಲೆ, ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್. ಹಾಳಾದ ಹೆಡ್ ತಟ್ಟೆಗೆ ತಾಗಿದರೆ ಡೇಟಾ ಇರುವ ಪದರವೇ ಪುಡಿಯಾಗಿ ಉದುರುತ್ತದೆ. ಆಮೇಲೆ ಯಾವ ಲ್ಯಾಬೂ ಏನೂ ಮಾಡಲಾರದು. ಮುಚ್ಚಳ ಬಿಚ್ಚುವುದು, ಮೇಲೆ ತಟ್ಟುವುದು, ಫ್ರಿಜ್ಜಿನಲ್ಲಿಡುವುದು ಯಾವುದೂ ಬೇಡ. ಫ್ರಿಜ್ಜಿನಿಂದ ತೆಗೆದಾಗ ಸೋರೆಕಾಯಿಯ ಮೇಲೆ ನೀರಾಡುವ ಹಾಗೆಯೇ ತಟ್ಟೆಯ ಮೇಲೂ ತೇವ ಕೂರುತ್ತದೆ. ಅದೇ ಮಾಡೆಲ್‌ನ ಇನ್ನೊಂದು ಡ್ರೈವ್‌ನಿಂದ ಸರ್ಕಿಟ್ ಬೋರ್ಡ್ ತೆಗೆದು ಹಾಕಿದರೂ ಈಗಿನವು ಸಾಮಾನ್ಯವಾಗಿ ಏಳುವುದಿಲ್ಲ, ಆಯಾ ಡ್ರೈವ್‌ನ ಹೊಂದಾಣಿಕೆಯ ವಿವರ ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ಲ್ಯಾಬಿಗೆ ಕೊಡುವಾಗ ಹೆಡ್ ಬದಲಿಸುವ ಕೆಲಸ ಅಲ್ಲೇ ಮಾಡುತ್ತಾರೋ, ಧೂಳಿಲ್ಲದ ಕೋಣೆಯೋ ಬೆಂಚೋ ಇದೆಯೋ ಕೇಳಿ. ಅಂಗಡಿಯ ಮೇಜಿನ ಮೇಲೆ ಸ್ಕ್ರೂಡ್ರೈವರ್ ಹಿಡಿದವರ ಕೈಗೆ ಕೊಡಬೇಡಿ.

ಸದ್ದಿಲ್ಲ, ಡಿಸ್ಕ್ ಇನ್ನೂ ಕಾಣುತ್ತಿದೆ, ಸಿ5 ಏರಿದೆ ಅನ್ನುವ ಸ್ಥಿತಿಯಲ್ಲಿ ಮನೆಯಲ್ಲೇ ಬಹಳಷ್ಟು ಉಳಿಸಬಹುದು. ಮತ್ತೆಲ್ಲೂ ಪ್ರತಿ ಇಲ್ಲದ ಫೈಲ್‌ಗಳನ್ನು ಮೊದಲು ಎತ್ತಿಕೊಳ್ಳಿ, ಸಿನಿಮಾ ಹಾಡು ಕೊನೆಗೆ. ಇಡೀ ಫೋಲ್ಡರ್ ಎಳೆದು ಬಿಟ್ಟರೆ ಮೊದಲ ಕೆಟ್ಟ ಫೈಲಿನಲ್ಲೇ ಎಕ್ಸ್‌ಪ್ಲೋರರ್ ಸಿಕ್ಕಿಹಾಕಿಕೊಳ್ಳುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್) ಬೂಟ್ ಮಾಡಿ, ಕೆಡುತ್ತಿರುವ ಡಿಸ್ಕಿನ ನಕಲು ತೆಗೆಯುವ ಗ್ನೂ ಡಿಡಿರೆಸ್ಕ್ಯೂ ಓಡಿಸುವುದು. ಸಲೀಸಾಗಿ ಓದುವ ಭಾಗವನ್ನೆಲ್ಲ ಅದು ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿ, ಕೊನೆಗೆ ಅಲ್ಲಿಗೆ ಮರಳುತ್ತದೆ. ಮೊದಲ ಸುತ್ತನ್ನು ಎನ್ ಆಯ್ಕೆಯಲ್ಲಿ ಓಡಿಸಿ, ಕೆಟ್ಟ ಜಾಗ ಕೆರೆಯುವುದನ್ನು ಅದು ಬಿಡುತ್ತದೆ. ಎರಡನೆಯದಕ್ಕೆ ಡಿ ಮತ್ತು ಆರ್3, ಅಂದರೆ ನೇರ ಓದು, ಮೂರು ಮರುಪ್ರಯತ್ನ. 1 ಟಿಬಿ ಡಿಸ್ಕಿನ ಪೂರ್ಣ ಇಮೇಜಿಗೆ, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿ ಇಳಿಸಿದ ನಕಲಿಗೆ, 1 ಟಿಬಿಗಿಂತ ತುಸು ಹೆಚ್ಚೇ ಖಾಲಿ ಜಾಗ ಬೇಕು, 2 ಟಿಬಿಯದನ್ನೇ ತನ್ನಿ. ಅದರ ಫಾರ್ಮ್ಯಾಟ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ಆಗುತ್ತಲೇ ಇಮೇಜ್ ಫೈಲ್ ನಿಲ್ಲುತ್ತದೆ. ಮ್ಯಾಪ್ ಫೈಲನ್ನೂ ಆ ಹೊಸ ಡಿಸ್ಕಿನಲ್ಲೇ ಇಡಿ. ಲೈವ್ ಡೆಸ್ಕ್‌ಟಾಪ್ ಮೇಲಿಟ್ಟರೆ ಕರೆಂಟ್ ಹೋದ ಕೂಡಲೇ ಅದೂ ಹೋಯಿತು, ಕೆಲಸ ಮೊದಲಿನಿಂದ. ಎಲ್ಲಕ್ಕಿಂತ ಮುಖ್ಯ, ಯಾವುದು ಮೂಲ, ಯಾವುದು ಗುರಿ ಅಂತ ಗಾತ್ರ, ಮಾಡೆಲ್ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ. ಎರಡೂ ಅದಲುಬದಲಾದರೆ ಉಳಿಸಲು ಹೊರಟ ಡೇಟಾವನ್ನು ನೀವೇ ಅಳಿಸಿದಂತೆ.

ಸೆಕೆಂಡಿಗೆ 100 ಎಂಬಿಯಂತೆ ಓದಿದರೆ 1 ಟಿಬಿಗೆ ಮೂರು ಗಂಟೆ ಸಾಕು, ಕೆಟ್ಟ ಡಿಸ್ಕ್ ದಿನಗಟ್ಟಲೆ ಎಳೆಯಬಹುದು. ಕಂಪ್ಯೂಟರ್ ಯುಪಿಎಸ್‌ನಲ್ಲಿರಲಿ, ಡಿಸ್ಕಿಗೆ ಟೇಬಲ್ ಫ್ಯಾನಿನ ಗಾಳಿ ಬೀಸುತ್ತಿರಲಿ. ಬಿಸಿ 50 ಡಿಗ್ರಿ ದಾಟಿದರೆ ನಿಲ್ಲಿಸಿ ಆರಲು ಬಿಡಿ. ಚೆಕ್‌ಡಿಸ್ಕ್, ಟೆಸ್ಟ್‌ಡಿಸ್ಕ್‌ನಂಥ ರಿಪೇರಿ ಸಾಧನ ಏನೇ ಇದ್ದರೂ ಇಮೇಜಿನ ಇನ್ನೊಂದು ಪ್ರತಿಯ ಮೇಲೆ. ಕಳೆದ ಫೈಲ್ ಹುಡುಕಿ ತೆಗೆಯುವ ಫೋಟೋರೆಕ್ ಕಟ್ಟಕಡೆಯ ಉಪಾಯ. ಅದು ಫೈಲ್ ಮರಳಿಸುತ್ತದೆ, ಹೆಸರನ್ನಲ್ಲ. 'ಸೋದರತ್ತೆ ಮನೆ ಗೃಹಪ್ರವೇಶ' ಅನ್ನುವ ಫೋಲ್ಡರಿನ ಬದಲು ಎಫ್ ಅಕ್ಷರದ ಮುಂದೆ ಏಳೆಂಟು ಅಂಕಿ ಇರುವ ಸಾವಿರಾರು ಚಿತ್ರಗಳು ಸಿಗುತ್ತವೆ.

ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಈ ಸದ್ದಿನ ಮಾತು ಅನ್ವಯಿಸದು. ಅದು ಒಂದು ಬೆಳಿಗ್ಗೆ ಸುಮ್ಮನೆ ಕಾಣೆಯಾಗಿರಬಹುದು.

ಎಲ್ಲ ಉಳಿಸಿಕೊಂಡ ಮೇಲೆ ಹಳೆಯ ಡಿಸ್ಕಿಗೆ ಕ್ವಿಕ್ ಬಿಟ್ಟು ಪೂರ್ತಿ ಫಾರ್ಮ್ಯಾಟ್ ಹಾಕಿ. ಬಾಕಿ ನಿಂತ ಸೆಕ್ಟರಿನ ತೀರ್ಮಾನ ಅದರ ಮೇಲೆ ಬರೆದಾಗಲೇ ಆಗುವುದು. ಸಿ5 ಸೊನ್ನೆಗಿಳಿದು 05 ಏರದಿದ್ದರೆ ನಡುವೆ ಕರೆಂಟ್ ಹೋಗಿ ಅರ್ಧ ಬರೆದ ಸೆಕ್ಟರುಗಳಿದ್ದಿರಬಹುದು. 05 ಏರಿದ್ದರೆ ಅದನ್ನು ಬ್ಯಾಕಪ್ಪಿಗೆ ಬಳಸಬೇಡಿ. ಗುಜರಿಗೆ ಹಾಕುವ ಮುಂಚೆ ತಟ್ಟೆಗೆ ತೂತು ಕೊರೆಯುವುದಾದರೆ ಕನ್ನಡಕ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಚೂರು ಚೂರಾಗಿ ಸಿಡಿಯುತ್ತದೆ.